ಶೇ. 90 ಮುಗಿದಿದೆ ಎನ್ನುವ ಸಾಫ್ಟ್‌ವೇರಿಗೆ ಇನ್ನೂ 11 ಲಕ್ಷ ಕೊಡಬೇಕೇ?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನಮ್ಮದು ಬೀಜ, ಗೊಬ್ಬರ ಮತ್ತು ಕೀಟನಾಶಕಗಳ ಸಗಟು ವ್ಯಾಪಾರ. ತಂದೆಯವರೂ ಚಿಕ್ಕಪ್ಪನವರೂ ಸೇರಿ ಆರಂಭಿಸಿದ ಅಂಗಡಿ ಈಗ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದೆ. ನಾಲ್ಕು ಗೋದಾಮುಗಳಿವೆ, ಸುಮಾರು 1,100 ಚಿಲ್ಲರೆ ಅಂಗಡಿಗಳಿಗೆ ಮಾಲು ಕೊಡುತ್ತೇವೆ. ಊರಿನವರೇ ಒಬ್ಬರು 2004ರಲ್ಲಿ ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಬಿಲ್ಲು, ಸ್ಟಾಕು, ಉದ್ರಿ ಎಲ್ಲವೂ ಇಂದಿಗೂ ನಡೆಯುತ್ತಿದೆ. ಗಿರಾಕಿಗಳ ಹೆಸರುಗಳು ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯಲ್ಲಿವೆ. ಆ ಪ್ರೋಗ್ರಾಮಿನಲ್ಲಿ ಎಡಿಟ್ ಲಾಗ್ (ಪ್ರತಿ ತಿದ್ದುಪಡಿಯ ದಾಖಲೆ) ಇಲ್ಲವೆಂದು ಆಡಿಟರು ವರದಿಯಲ್ಲಿ ಬರೆದ ಮೇಲೆ ಹೊಸ ಸಾಫ್ಟ್‌ವೇರ್ ಮಾಡಿಸಲು ಬೆಂಗಳೂರಿನ ಒಂದು ಸಣ್ಣ ಕಂಪನಿಯೊಂದಿಗೆ 28 ಲಕ್ಷ ರೂಪಾಯಿಗೆ ಒಪ್ಪಂದ ಮಾಡಿಕೊಂಡೆವು. 9 ತಿಂಗಳಲ್ಲಿ ಮುಗಿಸುವ ಮಾತಿತ್ತು, 18 ತಿಂಗಳಾಗಿದೆ, 19 ಲಕ್ಷ ಕೊಟ್ಟಾಗಿದೆ. ಐದು ತಿಂಗಳಿಂದ ಶೇ. 90 ಮುಗಿದಿದೆ ಎನ್ನುತ್ತಿದ್ದಾರೆ. ನಡುವೆ ನಾವು ಕೇಳಿದ ಬದಲಾವಣೆಗಳಿಗೆಂದು ಈಗ ಇನ್ನೂ 11 ಲಕ್ಷ ಕೇಳುತ್ತಿದ್ದಾರೆ. ಕೊಟ್ಟರೆ ಇನ್ನಿಬ್ಬರು ಎಂಜಿನಿಯರುಗಳನ್ನು ಹಾಕಿ ಏಪ್ರಿಲ್ 1ಕ್ಕೆ ನಾಲ್ಕೂ ಗೋದಾಮುಗಳಲ್ಲಿ ಶುರುಮಾಡಿಕೊಡುತ್ತಾರಂತೆ. ಎಲ್ಲವೂ ಕ್ಲೌಡಿನಲ್ಲಿರುವುದರಿಂದ ಬ್ಯಾಕಪ್ ಚಿಂತೆಯೂ ಇಲ್ಲವಂತೆ. ಇಷ್ಟು ಸುರಿದ ಮೇಲೆ ನಿಲ್ಲಿಸುವುದು ಹೇಗೆ ಎನ್ನುತ್ತಾರೆ ಚಿಕ್ಕಪ್ಪ. ಅವರನ್ನು ಬಿಟ್ಟು ಸಿದ್ಧ ಸಾಫ್ಟ್‌ವೇರ್ ಕೊಳ್ಳೋಣ ಎನ್ನುತ್ತಾರೆ ಅಪ್ಪ. ಈಗ ಜನವರಿ. ಶನಿವಾರ ಸಂಜೆ ನಮ್ಮ ಹಳೆಯ ಗುಮಾಸ್ತರು ಪೆನ್‌ಡ್ರೈವಿಗೆ ಡೇಟಾ ಹಾಕಿಕೊಂಡು ಮನೆಗೆ ಹೋಗುವಾಗಲೆಲ್ಲ ನನಗೆ ಈ ಪ್ರಶ್ನೆ ಕಾಡುತ್ತದೆ. ನಾವು ಏನು ಮಾಡಬೇಕು?

ಉತ್ತರ: ನೀವು ಕೇಳಿರುವುದು 11 ಲಕ್ಷದ ಬಗ್ಗೆ. ಪತ್ರವನ್ನು ಎರಡನೆಯ ಬಾರಿ ಓದಿದಾಗ ಅದರೊಳಗೆ ಮೂರು ಬೇರೆ ಬೇರೆ ಭಯಗಳು ಕಂಡವು. ಕೊಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾದೀತೆಂಬುದು ಒಂದು. ಹೊಸ ವ್ಯವಸ್ಥೆ ಕೈಕೊಟ್ಟು ಮುಂಗಾರಿನ ವ್ಯಾಪಾರ ನಿಂತೀತೆಂಬುದು ಇನ್ನೊಂದು. ಇಪ್ಪತ್ತು ವರ್ಷ ಊರಿನ ಒಬ್ಬ ಪ್ರೋಗ್ರಾಮರನ್ನು ನಂಬಿದಂತೆ ಮುಂದಿನ ಇಪ್ಪತ್ತು ವರ್ಷ ಬೆಂಗಳೂರಿನ ಒಂದು ಕಂಪನಿಯ ಕೈಯಲ್ಲಿ ಸಿಕ್ಕಿಬಿದ್ದೇವೆಂಬುದು ಮತ್ತೊಂದು. ಹಣದ ಭಯಕ್ಕೆ ಇರುವ ಮದ್ದು ವ್ಯಾಪಾರದ ಭಯಕ್ಕೆ ಮದ್ದಲ್ಲ. ನಿಮ್ಮ ಮನೆಯ ಚರ್ಚೆ ಮುಗಿಯದಿರುವುದಕ್ಕೆ ಈ ಮೂರೂ ಒಂದೇ ಮಾತಿನಲ್ಲಿ ಕಲಸಿಹೋಗಿರುವುದೇ ಕಾರಣವೆಂದು ನನಗೆ ಅನ್ನಿಸುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. 11 ಲಕ್ಷವನ್ನು ಈಗ ಕೊಡಬೇಡಿ. ಒಪ್ಪಂದವನ್ನೂ ಈಗ ಮುರಿಯಬೇಡಿ. ನಿಮ್ಮದೇ ಹಳೆಯ ಬಿಲ್ಲುಗಳನ್ನಿಟ್ಟುಕೊಂಡು ಮೂರು ವಾರಗಳ ಪರೀಕ್ಷೆ ನಡೆಸಿ, ಅದರ ಫಲಿತಾಂಶ ನೋಡಿ ನಿರ್ಧರಿಸಿ. ಫಲಿತಾಂಶ ಏನೇ ಇರಲಿ, ಏಪ್ರಿಲ್ 1ರಂದು ನಾಲ್ಕೂ ಗೋದಾಮುಗಳನ್ನು ಒಟ್ಟಿಗೆ ಬದಲಾಯಿಸಲು ಒಪ್ಪಬೇಡಿ.

ಚಿಕ್ಕಪ್ಪನವರ ಮಾತಿನಿಂದ ಆರಂಭಿಸೋಣ, ಏಕೆಂದರೆ ಹತ್ತರಲ್ಲಿ ಎಂಟು ಕಡೆ ನಾನು ಕೇಳುವ ಮಾತು ಅದೇ. ಹಾಕಿದ ಬೀಜ ಮೊಳೆಯಲಿಲ್ಲವೆಂದು ಖಚಿತವಾದ ಮೇಲೆ, ಬೀಜಕ್ಕೆ ಕೊಟ್ಟ ದುಡ್ಡಿನ ಮುಖ ನೋಡಿ ಅದೇ ಸಾಲಿಗೆ ಮೇಲುಗೊಬ್ಬರ ಹಾಕುವ ರೈತರನ್ನು ನಿಮ್ಮ ಚಿಕ್ಕಪ್ಪನವರು ನೋಡಿರಲಾರರು. ಹಾಗೆಯೇ 19 ಲಕ್ಷ ಮುಂದುವರಿಸಲು ಕಾರಣವಾಗಲಾರದು. ಆದರೆ ಅದರ ಮೇಲಿನ ಸಿಟ್ಟು ನಿಲ್ಲಿಸಲು ಕಾರಣವಾಗಬಾರದೆಂಬುದೂ ಅಷ್ಟೇ ನಿಜ. ತಂದೆಯವರ ಮಾತಿನಲ್ಲಿ ನನಗೆ ಅದು ಸ್ವಲ್ಪ ಕೇಳಿಸಿತು. ಇಬ್ಬರೂ ಹಿಂದಿನ ಹಣವನ್ನೇ ಎಣಿಸುತ್ತಿದ್ದಾರೆ. ಎಣಿಸಬೇಕಾದುದು ಇಂದಿನಿಂದ ಮುಂದಿನದನ್ನು. ಒಪ್ಪಂದದ 28 ಲಕ್ಷದಲ್ಲಿ 9 ಲಕ್ಷ ಇನ್ನೂ ನಿಮ್ಮ ಬಳಿಯೇ ಇದೆ, ಅದರ ಮೇಲೆ 11 ಲಕ್ಷ ಕೇಳುತ್ತಿದ್ದಾರೆ. ಎಂದರೆ ನೀವು ನಿರ್ಧಾರ ತೆಗೆದುಕೊಳ್ಳಬೇಕಾದ ಮೊತ್ತ 11 ಲಕ್ಷವಲ್ಲ, 20 ಲಕ್ಷ. ಈ 20 ಲಕ್ಷಕ್ಕೆ ಇವರಿಂದ ಸಿಗುವುದೇನು, ಬೇರೆ ದಾರಿಯಲ್ಲಿ ಸಿಗುವುದೇನು ಎಂಬ ಹೋಲಿಕೆಗೆ ಇಬ್ಬರೂ ಹಿರಿಯರು ಕುಳಿತರೆ ಮಾತು ಬೇಗ ಹತ್ತಿರ ಬರುತ್ತದೆ.

ಶೇ. 90 ಎಂಬ ಲೆಕ್ಕ ಎಲ್ಲಿಂದ ಬಂತೆಂಬುದನ್ನು ತಿಳಿಯುವುದು ಅಗತ್ಯ. ಸಾಮಾನ್ಯವಾಗಿ ಅದು ಸಾಫ್ಟ್‌ವೇರಿನ ಪರದೆಗಳ (ಸ್ಕ್ರೀನುಗಳ) ಎಣಿಕೆ: ನಲವತ್ತು ಪರದೆಗಳನ್ನು ಮಾಡಬೇಕಿತ್ತು, ಮೂವತ್ತಾರು ಆಗಿವೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಸುಲಭವಾದ ಪರದೆಗಳು ಮೊದಲು ಆಗುತ್ತವೆ, ಉಳಿಯುವುದು ಕಷ್ಟದವು. ನಿಮ್ಮ ವ್ಯಾಪಾರದಲ್ಲಿ ಉಳಿದಿರುವುದು ಯಾವುದೆಂದು ನಾನು ಊಹಿಸಬಲ್ಲೆ: ಹಂಗಾಮು ಮುಗಿದ ಮೇಲೆ ಬೀಜ, ಗೊಬ್ಬರದ ಕಂಪನಿಯವರು ರಿಯಾಯಿತಿಯ ಸ್ಕೀಮ್ ಘೋಷಿಸಿ ಕ್ರೆಡಿಟ್ ನೋಟ್ (ಬಾಕಿಯಲ್ಲಿ ಕಡಿತ ಕೊಡುವ ಚೀಟಿ) ಕಳಿಸಿದಾಗ ಅದನ್ನು ಹಳೆಯ ಬಿಲ್ಲುಗಳಿಗೆ ಹಂಚುವುದು, ಮಾರಾಟವಾಗದ ಬೀಜದ ವಾಪಸಾತಿ, ಒಂದೇ ಬಿಲ್ಲಿನ ಒಂದೇ ಮಾಲನ್ನು ಎರಡು ಬ್ಯಾಚುಗಳಿಂದ ಒಡೆದು ಕೊಡುವುದು, ಒಂದು ಗೋದಾಮಿನ ಬಿಲ್ಲಿಗೆ ಇನ್ನೊಂದು ಗೋದಾಮಿನಿಂದ ಮಾಲು ಕಳಿಸುವುದು. ಇವುಗಳಲ್ಲಿ ಪ್ರತಿಯೊಂದೂ ಈಗಾಗಲೇ ಮುಗಿದಿದೆ ಎನ್ನುವ ಪರದೆಗಳ ಒಳಗೆ ಕೈಹಾಕುತ್ತದೆ. ಆದ್ದರಿಂದಲೇ ಶೇ. 90 ಎಂಬ ಅಂಕಿ ತಿಂಗಳುಗಟ್ಟಲೆ ಅಲ್ಲೇ ನಿಲ್ಲುತ್ತದೆ. ಇಪ್ಪತ್ತೆರಡು ವರ್ಷಗಳ ಕೆಲಸದಲ್ಲಿ ನಾನು ಶೇಕಡಾವಾರು ಕೇಳುವುದನ್ನೇ ಬಿಟ್ಟಿದ್ದೇನೆ. ನಿನ್ನೆಯ ಬಿಲ್ಲುಗಳನ್ನೆಲ್ಲ ಇದರಲ್ಲಿ ಹಾಕಿ, ಸಂಜೆಯ ಬಾಕಿ ತಾಳೆಯಾಗುವುದನ್ನು ತೋರಿಸಿ ಎಂದು ಮಾತ್ರ ಕೇಳುತ್ತೇನೆ.

ವಿಳಂಬಕ್ಕೆ ಕಾರಣ ಆ ಕಂಪನಿಯೊಂದೇ ಇರಲಾರದೆಂಬುದನ್ನು ನೀವು ಬೇಸರಿಸದೆ ಕೇಳಬೇಕು. ಇಂಥ ಒಪ್ಪಂದಗಳನ್ನು ನಾನು ಬಹಳ ನೋಡಿದ್ದೇನೆ: ಬಿಲ್ಲಿಂಗ್, ಸ್ಟಾಕ್, ಉದ್ರಿ ವಸೂಲಿ ಎಂದು ವಿಷಯಕ್ಕೊಂದು ಸಾಲು ಇರುತ್ತದೆ. ಆದರೆ ನಿಮ್ಮ ವ್ಯಾಪಾರದ ನಿಯಮಗಳು ಆ ಸಾಲಿನಲ್ಲಿಲ್ಲ, ಹಳೆಯ ಗುಮಾಸ್ತರ ತಲೆಯಲ್ಲಿವೆ. ಯಾವ ಅಂಗಡಿಗೆ 45 ದಿನ ಉದ್ರಿ, ಯಾವ ಅಂಗಡಿಗೆ ಹತ್ತಿ ಮಾರಾಟವಾಗುವ ತನಕ ಉದ್ರಿ, ಯಾರ ಚೆಕ್ಕು ಹಿಂದೆ ಬಂದದ್ದುಂಟು, ಯಾರಿಗೆ ತಂದೆಯವರ ಬಾಯಿಮಾತಿಲ್ಲದೆ ಮಾಲು ಕೊಡಬಾರದು ಎಂಬುದೆಲ್ಲ ಎಲ್ಲೂ ಬರೆದಿಟ್ಟದ್ದಲ್ಲ. ಅದು ಪ್ರೋಗ್ರಾಮಿನವರಿಗೆ ಒಂದೊಂದಾಗಿ, ತಡವಾಗಿ ತಿಳಿಯುತ್ತದೆ. ತಿಳಿದಾಗಲೆಲ್ಲ ಅವರು ಅದನ್ನು ಬದಲಾವಣೆ ಎನ್ನುತ್ತಾರೆ, ನೀವು ಮೊದಲಿನಿಂದ ಇದ್ದದ್ದೇ ಎನ್ನುತ್ತೀರಿ. ಎರಡೂ ನಿಜ. ಬದಲಾವಣೆ ಕೇಳುವುದರಲ್ಲಿ ತಪ್ಪಿಲ್ಲ; ಪ್ರತಿಯೊಂದಕ್ಕೂ ಎಷ್ಟು ದಿನ, ಎಷ್ಟು ಹಣವೆಂದು ಕೇಳಿದ ದಿನವೇ ಬರೆದುಕೊಳ್ಳದಿದ್ದುದು ಎರಡೂ ಕಡೆಯವರ ತಪ್ಪು. ಈ 11 ಲಕ್ಷವನ್ನು ಒಂದೇ ಮೊತ್ತವಾಗಿ ಚರ್ಚಿಸದೆ ಬದಲಾವಣೆಗಳ ಪಟ್ಟಿಯಾಗಿ ತರಿಸಿಕೊಳ್ಳಿ. ನಿಜವಾಗಿ ಹೊಸದಾಗಿ ಕೇಳಿದ್ದು, ಒಪ್ಪಂದದಲ್ಲಿ ಇದ್ದದ್ದು, ಇಬ್ಬರ ಕಣ್ಣಿಗೂ ತಪ್ಪಿದ್ದು ಎಂದು ಗುಮಾಸ್ತರ ಎದುರು ಕುಳಿತು ವಿಂಗಡಿಸಿ. ಮೊದಲನೆಯದಕ್ಕೆ ಹಣ ಕೊಡುವುದು ನ್ಯಾಯ, ಎರಡನೆಯದಕ್ಕೆ ಕೊಡಬೇಕಿಲ್ಲ, ಮೂರನೆಯದನ್ನು ಹಂಚಿಕೊಳ್ಳಬಹುದು.

ಮೊತ್ತ ನಿಗದಿಯಾದ ಒಪ್ಪಂದವಿದ್ದರೆ ಅಪಾಯವೆಲ್ಲ ಮಾಡಿಕೊಡುವವರದು ಎಂಬ ನಂಬಿಕೆಯೂ ಇದೇ ಸಂದರ್ಭದಲ್ಲಿ ಬರುತ್ತದೆ. ಅದು ಅರ್ಧ ಸತ್ಯ. ಹೆಚ್ಚುವರಿ ದುಡಿಮೆಯ ನಷ್ಟ ಅವರದ್ದಾಗಬಹುದು, ಹಂಗಾಮಿನ ನಷ್ಟ ಎಂದಿಗೂ ನಿಮ್ಮದೇ. ಅದೂ ಅಲ್ಲದೆ ಐದಾರು ಜನರ ಕಂಪನಿಯೊಂದು ನಷ್ಟದಲ್ಲಿ ಕೆಲಸ ಮಾಡಬೇಕಾಗಿ ಬಂದಾಗ, ಅಲ್ಲಿನ ಒಳ್ಳೆಯ ಎಂಜಿನಿಯರನ್ನು ಹಣ ಬರುವ ಇನ್ನೊಂದು ಯೋಜನೆಗೆ ಸದ್ದಿಲ್ಲದೆ ಕಳಿಸಲಾಗುತ್ತದೆ. ನಿಮ್ಮ ಕೆಲಸ ಕಲಿಯುವವರ ಕೈಗೆ ಹೋಗುತ್ತದೆ.

ಇನ್ನಿಬ್ಬರನ್ನು ಹಾಕುತ್ತೇವೆಂಬ ಭರವಸೆಯನ್ನೂ ಹಾಗೆಯೇ ತೂಗಿ ನೋಡಬೇಕು. ತಡವಾಗಿರುವ ಸಾಫ್ಟ್‌ವೇರ್ ಯೋಜನೆಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂಬುದು ನಮ್ಮ ವೃತ್ತಿಯಲ್ಲಿ ಅರ್ಧ ಶತಮಾನದಿಂದ ತಿಳಿದಿರುವ ಸಂಗತಿ, ಏಕೆಂದರೆ ಹೊಸಬರಿಗೆ ಕಲಿಸಬೇಕಾದವರು ಈಗ ಕೆಲಸ ಮಾಡುತ್ತಿರುವವರೇ. ನಿಮ್ಮಲ್ಲಿ ಕೊರತೆ ಇರುವುದು ಎಂಜಿನಿಯರುಗಳದ್ದಲ್ಲ, ಹಳೆಯ ಗುಮಾಸ್ತರ ಸಮಯದ್ದು. ಅವರನ್ನು ದಿನಕ್ಕೆ ಎರಡು ಗಂಟೆ ಕೌಂಟರಿನಿಂದ ಬಿಡಿಸಿ ಈ ಕೆಲಸಕ್ಕೆ ಕೂರಿಸಿದರೆ ಇಬ್ಬರು ಎಂಜಿನಿಯರುಗಳಿಗಿಂತ ಹೆಚ್ಚಿನ ಪ್ರಯೋಜನವಾಗುತ್ತದೆ. ಪ್ರಶ್ನೆಗಳಿಗೆ ಕೊನೆಯ ಮಾತು ಹೇಳುವವರು ಒಬ್ಬರೇ ಇರಲಿ; ಪತ್ರ ನೋಡಿದರೆ ಅದು ನೀವೇ ಆಗಬೇಕೆಂದು ತೋರುತ್ತದೆ. ತಂದೆಯವರು ಒಂದು ಹೇಳಿ ಚಿಕ್ಕಪ್ಪನವರು ಇನ್ನೊಂದು ಹೇಳಿದರೆ ಪ್ರೋಗ್ರಾಮು ಎರಡನ್ನೂ ಮಾಡುವುದಿಲ್ಲ.

ಈಗ ದಿನಾಂಕದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ನಿಜವಾದ ಅಪಾಯ ಇರುವುದು ಇಲ್ಲಿ. ಏಪ್ರಿಲ್ 1 ಲೆಕ್ಕದವರಿಗೆ ಅನುಕೂಲದ ದಿನ. ಹಳೆಯ ವರ್ಷ ಹಳೆಯದರಲ್ಲಿ, ಹೊಸ ವರ್ಷ ಹೊಸದರಲ್ಲಿ. ನಡುವೆ ಬದಲಾಯಿಸಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಅನೇಕರು ಭಾವಿಸಿರುತ್ತಾರೆ. ಅದು ತಪ್ಪು. ಜಿಎಸ್‌ಟಿ ನಿಯಮಗಳ 46ನೇ ನಿಯಮ ಬಿಲ್ಲಿನ ಸಂಖ್ಯೆಗಳು ಒಂದು ಅಥವಾ ಹಲವು ಸರಣಿಗಳಲ್ಲಿ ಕ್ರಮವಾಗಿ ಇರಬಹುದೆನ್ನುತ್ತದೆ. ಸಂಖ್ಯೆ ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು, 16 ಅಕ್ಷರ ಮೀರಬಾರದು, ಅಷ್ಟೆ. ಆದ್ದರಿಂದ ಒಂದು ಗೋದಾಮು ಹೊಸ ಸರಣಿಯಲ್ಲಿ, ಉಳಿದ ಮೂರು ಹಳೆಯ ಸರಣಿಯಲ್ಲಿ ನಡೆಯಲು ಅಡ್ಡಿಯಿಲ್ಲ. ಸೆಪ್ಟೆಂಬರಿನಲ್ಲಿ ಬದಲಾಯಿಸಿದರೂ ನಡೆಯುತ್ತದೆ.

ನಿಮ್ಮ ವರ್ಷ ಏಪ್ರಿಲ್ 1ಕ್ಕೆ ತಿರುಗುವುದಿಲ್ಲ, ಮಳೆಗೆ ತಿರುಗುತ್ತದೆ. ಏಪ್ರಿಲಿನಲ್ಲಿ ಬೀಜದ ಲಾರಿಗಳು ಬರಲಾರಂಭಿಸುತ್ತವೆ, ಮೇನಲ್ಲಿ ಅಂಗಡಿಗಳು ಎತ್ತುವಳಿ ಮಾಡುತ್ತವೆ, ರೋಹಿಣಿ ಮಳೆ ಹದವಾಗಿ ಬಿದ್ದ ಮರುದಿನ ಇಡೀ ಜಿಲ್ಲೆಗೆ ಮೆಕ್ಕೆಜೋಳದ ಬೀಜ ಒಮ್ಮೆಗೇ ಬೇಕಾಗುತ್ತದೆ. ಆ ದಿನ ಬಿಲ್ಲು ಬರದಿದ್ದರೆ ಗಿರಾಕಿ ಹರಿಹರಕ್ಕೋ ದಾವಣಗೆರೆಗೋ ಹೋಗುತ್ತಾನೆ, ಉದ್ರಿಯನ್ನು ಅಲ್ಲಿ ತೆರೆಯುತ್ತಾನೆ, ನಿಮ್ಮ ಹಳೆಯ ಬಾಕಿಯನ್ನು ಕೊನೆಗೆ ಇಡುತ್ತಾನೆ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್‌ಗೆ ಆದದ್ದು ಇದೇ. 48 ತಿಂಗಳು ಬೇಕೆಂದು ಅಂದಾಜಿಸಿದ ವ್ಯವಸ್ಥೆಯನ್ನು 30 ತಿಂಗಳಿಗೆ ಇಳಿಸಿ, ಮೂರು ಬೇರೆ ಬೇರೆ ಸಾಫ್ಟ್‌ವೇರುಗಳನ್ನು ಒಟ್ಟಿಗೆ 1999ರ ಜುಲೈನಲ್ಲಿ ಆರಂಭಿಸಿದರು. ಅವರ ದೊಡ್ಡ ಹಂಗಾಮು ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬ. ಮಾಲು ಗೋದಾಮಿನಲ್ಲಿದ್ದರೂ ಅದು ಎಲ್ಲಿದೆ ಎಂದು ವ್ಯವಸ್ಥೆಗೆ ಗೊತ್ತಾಗದೆ, ಸುಮಾರು 10 ಕೋಟಿ ಡಾಲರ್ ಬೆಲೆಯ ಬೇಡಿಕೆಯನ್ನು ಪೂರೈಸಲಾಗಲಿಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲಿನಲ್ಲಿ ತನ್ನ 52 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ ಡೇಟಾ ಸರಿಯಾಗಿಯೇ ದಾಟಿತ್ತು. ಅದನ್ನು ಹೊತ್ತ ವ್ಯವಸ್ಥೆ ಮಾತ್ರ ಕುಸಿಯಿತು. ಪರಿಸ್ಥಿತಿ ಸಹಜಕ್ಕೆ ಬರಲು ಡಿಸೆಂಬರ್ ಆಯಿತು, 2022ರಲ್ಲಿ ನಿಯಂತ್ರಕರು 4.86 ಕೋಟಿ ಪೌಂಡಿಗೂ ಹೆಚ್ಚಿನ ದಂಡ ಹಾಕಿದರು. ಹಣ, ಜನ, ಸಲಹೆಗಾರರು ಯಾವುದಕ್ಕೂ ಕೊರತೆಯಿಲ್ಲದ ಸಂಸ್ಥೆಗಳು ಇವು.

ಇದನ್ನು ನಾನು ಓದಿ ಮಾತ್ರ ಹೇಳುತ್ತಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ಔಷಧಗಳ ಸಗಟು ವ್ಯಾಪಾರದ ಒಂದು ಸಂಸ್ಥೆಯಲ್ಲಿ ಇಂಥ ಬದಲಾವಣೆಯ ಹೊಣೆ ನನ್ನ ಮೇಲಿತ್ತು. ಎರಡು ಗೋದಾಮುಗಳನ್ನು ಒಂದೇ ರಾತ್ರಿ ಬದಲಾಯಿಸಲು ನಾನು ಒಪ್ಪಿದೆ. ಹಳೆಯ ಪ್ರೋಗ್ರಾಮಿನಲ್ಲಿ ಬ್ಯಾಚ್ ಸಂಖ್ಯೆಯ ಜಾಗದಲ್ಲಿ ಒಂದು ಗೋದಾಮಿನವರು ರ‍್ಯಾಕಿನ ಸಂಖ್ಯೆ ಬರೆಯುತ್ತಿದ್ದರೆಂಬುದು ಬೆಳಿಗ್ಗೆ ಮೊದಲ ಬಿಲ್ಲು ಹಾಕುವಾಗ ತಿಳಿಯಿತು. ಅವಧಿ ಮುಗಿಯುವ ದಿನಾಂಕಗಳೆಲ್ಲ ಅದಲುಬದಲಾಗಿದ್ದವು. ಆರು ದಿನ ಕೈಬರಹದ ಚಲನ್ ಮೇಲೆ ಮಾಲು ಹೋಯಿತು, ಆ ಚಲನ್‌ಗಳ ಲೆಕ್ಕ ಸೇರಿಸಲು ಎರಡು ತಿಂಗಳು ಹಿಡಿಯಿತು. ಆ ಸಂಸ್ಥೆಯ ಮಾಲೀಕರು ನನ್ನನ್ನು ಬೈಯಲಿಲ್ಲ, ಆದರೆ ಆ ಆರು ದಿನ ಅವರ ಮುಖ ನೋಡಿದ ಮೇಲೆ ಹಿಂದಿರುಗುವ ದಾರಿ ಇಲ್ಲದ ಯಾವ ಬದಲಾವಣೆಗೂ ನಾನು ಸಹಿ ಹಾಕಿಲ್ಲ.

ಆ ಘಟನೆಯ ಕಾರಣವೇ ನಿಮ್ಮಲ್ಲಿಯೂ ಇರಬಹುದು: ಹಳೆಯ ಡೇಟಾ. ಡೇಟಾ ಸಾಗಿಸುವುದು ಎರಡು ದಿನದ ಕೆಲಸವೆಂದು ಎಲ್ಲರೂ ಹೇಳುತ್ತಾರೆ. ನಿಮ್ಮದು ಎರಡು ದಿನದ ಕೆಲಸವಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪು ಮಾಡಿದ ಹೆಸರು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಅಕ್ಷರದ ತುಂಡುಗಳಿಗೆ ಇಂಗ್ಲಿಷ್ ಚಿಹ್ನೆಗಳ ಸಂಕೇತ ಕೊಟ್ಟು ಉಳಿಸಿದ ಸಾಲು ಅದು. ಹೊಸ ವ್ಯವಸ್ಥೆ ಯೂನಿಕೋಡಿನಲ್ಲಿ, ಎಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಪದ್ಧತಿಯಲ್ಲಿ, ಇರುತ್ತದೆ. ಪರಿವರ್ತಕಗಳಿವೆ, ಬಹುಪಾಲು ಸರಿಯಾಗಿ ಮಾಡುತ್ತವೆ. ಅರ್ಕಾವತ್ತು, ಒತ್ತಕ್ಷರ, ದೀರ್ಘಗಳಲ್ಲಿ ಎಡವುತ್ತವೆ. ಫಾಕ್ಸ್‌ಪ್ರೋದ ಹೆಸರಿನ ಅಂಕಣಕ್ಕೆ ನಿಗದಿತ ಅಗಲವಿರುವುದರಿಂದ ಉದ್ದದ ಹೆಸರುಗಳು ಕೊನೆಯ ಅಕ್ಷರದ ನಡುವೆಯೇ ತುಂಡಾಗಿರುತ್ತವೆ. ಬಸವೇಶ್ವರ ಟ್ರೇಡರ್ಸ್ ಎಂಬ ಒಂದೇ ಅಂಗಡಿ ಮೂರು ರೀತಿಯ ಕಾಗುಣಿತದಲ್ಲಿ ಮೂರು ಖಾತೆಯಾಗಿ, ಬಾಕಿ ಮೂರು ಕಡೆ ಹಂಚಿಹೋಗಿರುವುದೂ ಅಪರೂಪವಲ್ಲ. 1,100 ಹೆಸರುಗಳನ್ನು ಮನುಷ್ಯರೇ ಕುಳಿತು ಒಂದೊಂದಾಗಿ ಜಿಎಸ್‌ಟಿ ಸಂಖ್ಯೆಯ ಜೊತೆ ತಾಳೆ ನೋಡಬೇಕು. ಸಮಾಧಾನದ ಸಂಗತಿಯೆಂದರೆ ಈ ಕೆಲಸ ಯಾವ ದಾರಿ ಹಿಡಿದರೂ ಬೇಕು, ನಾಳೆಯೇ ಆರಂಭಿಸಬಹುದು, ಆ ಕಂಪನಿಯ ಹಂಗೂ ಇದಕ್ಕಿಲ್ಲ. ಮುಂದೆ ಯಾರನ್ನು ಆರಿಸಿಕೊಂಡರೂ ಈ ಶ್ರಮ ವ್ಯರ್ಥವಾಗುವುದಿಲ್ಲ.

ಪರೀಕ್ಷೆಯನ್ನು ನಾನಾಗಿದ್ದರೆ ಹೀಗೆ ನಡೆಸುತ್ತಿದ್ದೆ. ಕಳೆದ ಜೂನಿನಲ್ಲಿ ಅತಿ ಹೆಚ್ಚು ವ್ಯಾಪಾರವಾದ ಒಂದು ವಾರದ ಬಿಲ್ಲುಗಳನ್ನೂ, ಆ ಹಂಗಾಮಿನ ಕ್ರೆಡಿಟ್ ನೋಟು ಮತ್ತು ಬೀಜದ ವಾಪಸಾತಿಗಳನ್ನೂ ತೆಗೆದುಕೊಂಡು, ಅವುಗಳನ್ನು ಹೊಸ ಸಾಫ್ಟ್‌ವೇರಿಗೆ ನಿಮ್ಮ ಗುಮಾಸ್ತರು, ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಇಂಟರ್‌ನೆಟ್ಟಿನಲ್ಲಿ ಹಾಕಬೇಕು. ಕಂಪನಿಯ ಎಂಜಿನಿಯರು ಪಕ್ಕದಲ್ಲಿ ನಿಂತು ನೋಡಬಹುದು, ಕೀಲಿಮಣೆ ಮುಟ್ಟಬಾರದು. ವಾರದ ಕೊನೆಗೆ ಪ್ರತಿ ಗಿರಾಕಿಯ ಬಾಕಿ, ಪ್ರತಿ ಬ್ಯಾಚಿನ ದಾಸ್ತಾನು ಹಳೆಯ ಪ್ರೋಗ್ರಾಮಿನೊಂದಿಗೆ ತಾಳೆಯಾಗಬೇಕು, ತಾಳೆಯಾಗದ ಪ್ರತಿ ಸಾಲಿಗೂ ಕಾರಣ ಬರೆದಿಡಬೇಕು. ಕೆಲವೆಡೆ ಹಳೆಯದೇ ತಪ್ಪೆಂದು ತಿಳಿದೀತು, ಅದಕ್ಕೂ ಸಿದ್ಧರಿರಿ. ಬಿಲ್ಲು ಹಾಕುವ ನಡುವೆ ಒಮ್ಮೆ ಕರೆಂಟು ತೆಗೆಯಿರಿ, ಒಮ್ಮೆ ನೆಟ್ ತೆಗೆಯಿರಿ. ಅರ್ಧ ಹಾಕಿದ ಬಿಲ್ಲು ಏನಾಯಿತು, ಸ್ಟಾಕು ಎರಡು ಬಾರಿ ಕಳೆಯಿತೇ ನೋಡಿ. ಇ-ಇನ್‌ವಾಯ್ಸಿಗೆ (ಜಿಎಸ್‌ಟಿ ಪೋರ್ಟಲಿನಲ್ಲಿ ದಾಖಲಾಗುವ ಬಿಲ್ಲಿಗೆ) ಪರೀಕ್ಷಾ ಪೋರ್ಟಲ್ ಇದೆ, ಅದರಲ್ಲಿಯೇ ನಡೆಸಿ. ನಿಜವಾದ ಪೋರ್ಟಲಿಗೆ ಹೋಗಬೇಡಿ. ಈ ಮೂರು ವಾರಕ್ಕೆ ಬಾಕಿಯಿರುವ 9 ಲಕ್ಷದಿಂದಲೇ ಒಂದು ಲಕ್ಷ ಕೊಡುವುದು ಲೇಸು. ಸಂಬಳ ಕೊಡಲಾಗದ ಕಂಪನಿಯಿಂದ ಪ್ರಾಮಾಣಿಕ ಪರೀಕ್ಷೆ ಬರುವುದಿಲ್ಲ.

ಪರೀಕ್ಷೆಯಲ್ಲಿ ಗೆದ್ದರೆ, ಅತಿ ಚಿಕ್ಕ ಗೋದಾಮನ್ನು ಫೆಬ್ರವರಿ ಕೊನೆಗೋ ಮಾರ್ಚ್ ಆರಂಭಕ್ಕೋ ಹೊಸದಕ್ಕೆ ದಾಟಿಸಿ, ಮೂರು ವಾರ ಹಳೆಯದರಲ್ಲಿಯೂ ಜೊತೆಗೆ ಬರೆಯಿರಿ. ಎರಡೆರಡು ಕಡೆ ಬರೆಯುವುದು ನಿಮ್ಮವರಿಗೆ ಹೊರೆ, ಅದಕ್ಕೆಂದೇ ಒಬ್ಬರನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳಿ. ಏಪ್ರಿಲ್ 20ರೊಳಗೆ ಆ ಗೋದಾಮು ತಕರಾರಿಲ್ಲದೆ ನಡೆಯದಿದ್ದರೆ ಹಳೆಯದಕ್ಕೇ ಮರಳಿ, ಮುಂಗಾರನ್ನು ಹಳೆಯದರಲ್ಲಿಯೇ ದಾಟಿಸಿ. ನಡೆದರೂ ಉಳಿದ ಮೂರನ್ನು ಆಗಸ್ಟ್ ನಡುವಿನ ತನಕ ಮುಟ್ಟಬೇಡಿ. ಆಗ ಕಂಪನಿಗೆ ಕೊಡುವ ಹಣವನ್ನೂ ಹೀಗೆಯೇ ಕಟ್ಟಿ: ತಿಂಗಳಿಗಲ್ಲ, ಪರದೆಗಲ್ಲ, ಒಂದೊಂದು ಗೋದಾಮು ಒಂದು ತಿಂಗಳು ತಾಳೆಯಾಗಿ ನಡೆದ ಮೇಲೆ.

ಪರೀಕ್ಷೆಯಲ್ಲಿ ಪೂರ್ತಿ ಸೋತರೆ ತಂದೆಯವರ ದಾರಿ. ಟ್ಯಾಲಿಯಂಥ ಸಿದ್ಧ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್, ಬ್ಯಾಚು, ಅವಧಿಯ ದಿನಾಂಕ, ಇ-ಇನ್‌ವಾಯ್ಸ್ ಇವೆ. ಗೊತ್ತಿರುವ ಹುಡುಗರು ರಾಣೆಬೆನ್ನೂರಿನಲ್ಲಿಯೇ ಸಿಗುತ್ತಾರೆ. ಆದರೆ ನಿಮ್ಮ ಸ್ಕೀಮಿನ ಹಂಚಿಕೆ, ಅಂಗಡಿಗೊಂದು ಉದ್ರಿಯ ನಿಯಮ ಅದರಲ್ಲಿ ಹಾಗೆಯೇ ಕೂರುವುದಿಲ್ಲ. ಅವು ಎಕ್ಸೆಲ್ಲಿಗೆ ಹೋಗುತ್ತವೆ. ಯಾರೂ ಪರೀಕ್ಷಿಸದ, ಯಾರೂ ಕಾಯದ ಎಕ್ಸೆಲ್ ಕಡತ ಒಂದೆರಡು ವರ್ಷದಲ್ಲಿ ಇನ್ನೊಂದು ಫಾಕ್ಸ್‌ಪ್ರೋ ಆಗುತ್ತದೆ. ಅರ್ಧ ಗೆದ್ದರೆ, ಅದೇ ಹೆಚ್ಚು ಸಂಭವವೆಂದು ನನಗೆ ತೋರುತ್ತದೆ, ಬಿಲ್ಲು, ಸ್ಟಾಕು, ಲೆಕ್ಕಪುಸ್ತಕಗಳನ್ನು ಸಿದ್ಧ ಸಾಫ್ಟ್‌ವೇರಿಗೆ ಬಿಟ್ಟು, ಸ್ಕೀಮು ಮತ್ತು ಉದ್ರಿ ವಸೂಲಿಯ ಭಾಗವನ್ನು ಮಾತ್ರ ಈ ಕಂಪನಿಯಿಂದ ಮುಗಿಸಿಕೊಳ್ಳುವುದು ಒಳಿತು. ಎರಡರ ನಡುವಿನ ಕೊಂಡಿಯನ್ನು ಪ್ರತಿ ಸಂಜೆ ತಾಳೆ ನೋಡಬೇಕಾಗುತ್ತದೆ, ಅದೇ ಅದರ ಅಪಾಯ. ಆದರೆ ಆ ಭಾಗ ಒಂದು ದಿನ ನಿಂತರೂ ಬಿಲ್ಲು ನಿಲ್ಲುವುದಿಲ್ಲ. ನಿಮ್ಮ ಸ್ಥಳದಲ್ಲಿ ನಾನು ಈ ದಾರಿಯ ಕಡೆಗೇ ವಾಲುತ್ತಿದ್ದೆ.

ಯಾವ ದಾರಿಯಾದರೂ, ಒಂದು ಕಾಗದವನ್ನು ಹಣ ಕೊಡುವ ಮೊದಲು ಮಾಡಿಸಿಕೊಳ್ಳಿ. ದುಡ್ಡು ಕೊಟ್ಟು ಮಾಡಿಸಿದ ಸಾಫ್ಟ್‌ವೇರ್ ನಮ್ಮದೇ ಎಂದು ಬಹುತೇಕ ವ್ಯಾಪಾರಿಗಳು ನಂಬಿದ್ದಾರೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೌಕರ ಬರೆದದ್ದು ಮಾಲೀಕನದು. ಹೊರಗಿನ ಗುತ್ತಿಗೆದಾರ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಗುತ್ತಿಗೆದಾರನದೇ. ಹಕ್ಕನ್ನು ನಿಮಗೆ ವರ್ಗಾಯಿಸುವುದು ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಆ ಬರಹದಲ್ಲಿಯೂ ಅವಧಿ ಹೇಳದಿದ್ದರೆ ಐದು ವರ್ಷವೆಂದೇ ಕಾಯ್ದೆಯ 19ನೇ ಸೆಕ್ಷನ್ ಭಾವಿಸುತ್ತದೆ. ಆದ್ದರಿಂದ ಅವಧಿಯನ್ನು ಸ್ಪಷ್ಟವಾಗಿ ಬರೆಸಿ. ಕಾಗದದ ಜೊತೆಗೆ ಕೈಯಲ್ಲಿಯೂ ಇರಬೇಕು: ಸೋರ್ಸ್ ಕೋಡಿನ (ಎಂಜಿನಿಯರುಗಳು ಬರೆದ ಮೂಲ ಪ್ರೋಗ್ರಾಮಿನ) ನಕಲು ಪ್ರತಿ ವಾರ ನಿಮ್ಮ ಹೆಸರಿನ ಖಾತೆಗೆ ಬರಲಿ, ಸರ್ವರಿನ ಖಾತೆ, ಡೊಮೇನು, ಇ-ಇನ್‌ವಾಯ್ಸ್ ಪೋರ್ಟಲಿನ ಪಾಸ್‌ವರ್ಡು ನಿಮ್ಮ ಕಂಪನಿಯ ಹೆಸರಿನಲ್ಲಿರಲಿ, ಒಟಿಪಿ ಬರುವ ಮೊಬೈಲು ನಿಮ್ಮದಾಗಿರಲಿ. ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯ ಎಂಜಿನಿಯರೊಬ್ಬರ ನಂಬರಿಗೆ ಒಟಿಪಿ ಹೋಗುತ್ತಿತ್ತು, ಅವರು ಕೆಲಸ ಬಿಟ್ಟರು, ಸರ್ವರಿಗೆ ಪ್ರವೇಶವೇ ಇಲ್ಲವಾಯಿತು ಎಂಬ ಫೋನು ನನಗೆ ವರ್ಷಕ್ಕೆ ಒಂದೆರಡು ಬಂದೇ ಬರುತ್ತವೆ.

ಕ್ಲೌಡಿನಲ್ಲಿದ್ದರೆ ಬ್ಯಾಕಪ್ ಚಿಂತೆಯಿಲ್ಲ ಎಂಬ ಮಾತು ಯಂತ್ರ ಕೆಡುವ ಚಿಂತೆಯ ಮಟ್ಟಿಗೆ ನಿಜ. ಯಾರಾದರೂ ತಪ್ಪಿ ಅಳಿಸಿದರೆ, ತಿಂಗಳ ಬಿಲ್ಲು ಕಟ್ಟದೆ ಖಾತೆ ಮುಚ್ಚಿದರೆ, ರಾನ್ಸಮ್‌ವೇರ್ (ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಮು) ಬಂದರೆ ಅದು ಕಾಯುವುದಿಲ್ಲ. 2024ರ ಜುಲೈ ಕೊನೆಯಲ್ಲಿ ಒಂದೇ ತಂತ್ರಜ್ಞಾನ ಸಂಸ್ಥೆಯ ವ್ಯವಸ್ಥೆಗೆ ರಾನ್ಸಮ್‌ವೇರ್ ತಗಲಿದಾಗ, ಅದನ್ನೇ ನೆಚ್ಚಿದ್ದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಯನ್ನು ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಸೇವೆ ಕೊಡುವವರ ಕಡೆಯ ಪೆಟ್ಟು ಅವರನ್ನು ನೆಚ್ಚಿದವರೆಲ್ಲರಿಗೂ ತಗಲುತ್ತದೆ.

ಆಡಿಟರ ಒತ್ತಾಯದ ಬಗ್ಗೆ ಒಂದು ಮಾತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಲೇಬೇಕು. ನೀವು ಈಗಾಗಲೇ ತಡವಾಗಿದ್ದೀರಿ, ಇದನ್ನು ಲಘುವಾಗಿ ಕಾಣಬೇಡಿ. ಲೆಕ್ಕಪುಸ್ತಕಗಳ ನಿಯಮ ತಪ್ಪಿದರೆ ಹೊಣೆಗಾರರಿಗೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ ಹಾಕಲು ಕಂಪನಿ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅವಸರದಲ್ಲಿ ದಾಟಿ ಲೆಕ್ಕವೇ ಕೆಟ್ಟರೆ ಆಡಿಟರಿಗೆ ಬರೆಯಲು ಇನ್ನೂ ದೊಡ್ಡ ಕಾರಣ ಸಿಗುತ್ತದೆ. ಗೋದಾಮುವಾರು ಯೋಜನೆಯನ್ನು ದಿನಾಂಕಗಳೊಂದಿಗೆ ನಿರ್ದೇಶಕರ ಸಭೆಯಲ್ಲಿ ಬರೆದು ಆಡಿಟರ ಮುಂದಿಡಿ. ಏಪ್ರಿಲ್ 1ರಿಂದ ಮುಖ್ಯ ಲೆಕ್ಕಪುಸ್ತಕಗಳನ್ನು ಎಡಿಟ್ ಲಾಗ್ ಇರುವ ಸಿದ್ಧ ಸಾಫ್ಟ್‌ವೇರಿಗೆ ತರಬಹುದೇ, ಬಿಲ್ಲಿಂಗ್ ಪ್ರೋಗ್ರಾಮನ್ನು ಅಲ್ಲಿಯ ತನಕ ಅವರು ಹೇಗೆ ಪರಿಗಣಿಸುತ್ತಾರೆ ಎಂಬುದನ್ನು ಅವರಿಂದಲೇ ಕೇಳಿಕೊಳ್ಳಿ.

ಕೊನೆಯದಾಗಿ, ನೀವು ಮಾತಿನ ನಡುವೆ ಹೇಳಿದ ಶನಿವಾರದ ಪೆನ್‌ಡ್ರೈವು. ಹೊಸ ಸಾಫ್ಟ್‌ವೇರಿನ ಬಗ್ಗೆ ಇಷ್ಟು ಮಾತನಾಡುವಾಗ ನಿಮ್ಮ ಇಡೀ ಉದ್ರಿ, ಸುಮಾರು 1,100 ಅಂಗಡಿಗಳ ಬಾಕಿ, ಒಂದು ಹಳೆಯ ಕಂಪ್ಯೂಟರಿನಲ್ಲಿಯೂ ವಾರಕ್ಕೊಮ್ಮೆಯ ಒಂದು ಪೆನ್‌ಡ್ರೈವಿನಲ್ಲಿಯೂ ಇದೆ. ವಿಷುವಲ್ ಫಾಕ್ಸ್‌ಪ್ರೋಗೆ ಮೈಕ್ರೋಸಾಫ್ಟ್ 2015ರ ಜನವರಿಯಲ್ಲಿಯೇ ಬೆಂಬಲ ನಿಲ್ಲಿಸಿದೆ, ಅದರ ಒಂದೊಂದು ಕಡತವೂ 2 ಜಿಬಿ ಮೀರಲಾರದು. ಇಪ್ಪತ್ತು ವರ್ಷದ ಬಿಲ್ಲುಗಳು ಆ ಗಡಿಗೆ ಎಷ್ಟು ಹತ್ತಿರವಿವೆ ಎಂದು ಇಂದೇ ನೋಡಿ. ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಆಗಬೇಕೆಂದು 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಕಂಪನಿ ನಿಯಮಗಳು ಹೇಳುತ್ತವೆ, ವಾರಕ್ಕೊಮ್ಮೆ ಸಾಲದು. ಈ ವಾರವೇ ಆ ಪ್ರೋಗ್ರಾಮಿನ ಇಡೀ ಫೋಲ್ಡರನ್ನು, ನುಡಿಯ ಫಾಂಟುಗಳ ಸಮೇತ, ಬೇರೊಂದು ಕಂಪ್ಯೂಟರಿಗೆ ಹಾಕಿಸಿ, ಅಲ್ಲಿ ತೆರೆದು, ಯಾವುದಾದರೂ ಹತ್ತು ಗಿರಾಕಿಗಳ ಖತಾವಣಿಯನ್ನು ಮುದ್ರಿಸಿ ನೋಡಿ. ಗುಮಾಸ್ತರು ಪಕ್ಕದಲ್ಲಿರಲಿ, ಆದರೆ ಅದನ್ನು ಅವರ ಸಹಾಯವಿಲ್ಲದೆ ಇನ್ನೊಬ್ಬರು ಮಾಡಲಿ. ಅದು ತೆರೆಯದಿದ್ದರೆ ಬೆಂಗಳೂರಿನವರೊಂದಿಗಿನ ಮಾತುಕತೆಯನ್ನು ಒಂದು ವಾರ ಮುಂದಕ್ಕೆ ಹಾಕಿ, ಮೊದಲು ಅದನ್ನು ಸರಿಪಡಿಸಿಕೊಳ್ಳಿ.